ಒಲ್ಲದ ಉಸಿರು

"ಹಲೋ... ಹಾಂ, ಕನ್ನಡಕದ ಅಂಗಡಿನೇ. ಯಾರು ಮಾತಾಡ್ತಿರೋದು?"

…

"ಯಾರ ಅತ್ತಿಗೆ?... ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಮಷೀನ್ ಓಡ್ತಿದೆ. ಇರಿ, ನಿಲ್ಲಿಸ್ತೀನಿ."

ಅವಳು ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಗಾಜಿನ ಅಂಚು ಉಜ್ಜುವ ಯಂತ್ರದ ಗುಂಡಿ ಒತ್ತಿದಳು. ಚಿಮ್ಮುತ್ತಿದ್ದ ನೀರು ನಿಂತಿತು. ಯಜಮಾನರು ಊಟಕ್ಕೆ ಹೋಗಿದ್ದರು. ಗಿರಾಕಿಗಳ ಬೆಂಚಿನ ಮೇಲೆ ಒಬ್ಬ ಮುದುಕರು ಕೂತಿದ್ದರು. ಯಂತ್ರದಲ್ಲಿದ್ದದ್ದು ಅವರದೇ ಕನ್ನಡಕದ ಗಾಜು. ಅದಿಲ್ಲದೆ ಅವರಿಗೆ ಎದುರಿನ ಗೋಡೆಯೂ ಸರಿಯಾಗಿ ಕಾಣದು. ಹಾಗಾಗಿ ಇದ್ದಬದ್ದ ಗಮನವನ್ನೆಲ್ಲ ಕಿವಿಗೆ ಕೊಟ್ಟಿದ್ದರು.

"ಹಾಂ, ಈಗ ಹೇಳಿ... ಡಬ್ಬಿ ಮೇಲೆ ನಂಬರ್ ಇತ್ತಾ? ಸರಿ. ಏನಾಗಿದೆ, ಕಡ್ಡಿ ಸಡಿಲ ಆಗಿದ್ಯಾ? ತಗೊಂಡ್ ಬನ್ನಿ, ಸರಿ ಮಾಡಿ... ಕನ್ನಡಕದ ವಿಷಯ ಅಲ್ವಾ? ಮತ್ತೆ?"

…

"ಒರೆಗಲ್ಲು?... ಆ ಹೆಸರು ನಿಮಗೆ ಯಾರು ಹೇಳಿದ್ರು?"

ಆ ಹೆಸರು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಅದು ಇದ್ದದ್ದು ಅಂತರ್ಜಾಲದ ಒಂದು ಗುಂಪಿನಲ್ಲಿ. ಎಂಟು ಸಂಪುಟಗಳ ಒಂದು ಮಾಯಾಲೋಕದ ಕಾದಂಬರಿಯನ್ನು ಓದಿ ತಲೆ ಕೆಡಿಸಿಕೊಂಡವರೆಲ್ಲ ಅಲ್ಲಿ ಸೇರುತ್ತಿದ್ದರು. ರಾಜರು, ಯುದ್ಧಗಳು ಅವರಿಗೆ ನೆಪ ಮಾತ್ರ. ಅವರ ನಿಜವಾದ ಜಗಳ ಆ ಲೋಕದ ಮಾಯೆಯ ಕಟ್ಟಳೆಗಳ ಬಗ್ಗೆ. ಅಲ್ಲಿ ಯಾರಾದರೂ ಹೊಸ ವಾದ ತಂದರೆ ಅದನ್ನು ಉಜ್ಜಿ ನೋಡಿ ಚಿನ್ನವೋ ಹಿತ್ತಾಳೆಯೋ ಹೇಳುವವಳು ಅವಳು. ಅದಕ್ಕೇ ಒರೆಗಲ್ಲು. ಅವಳು ಹೇಳಿದ ಮೇಲೆ ಯಾರೂ ಎದುರಾಡುತ್ತಿರಲಿಲ್ಲ. ಆಡುತ್ತಿದ್ದವನು ಒಬ್ಬನೇ.

"ಮುಳ್ಳುಹಂದಿ! ಅವನ ಅತ್ತಿಗೆನಾ ನೀವು? ಮೊದಲೇ ಹೇಳಬಾರದಾ ಅಕ್ಕಾ. ಹೇಗಿದಾನೆ? ಗುಂಪಿನ ಕಡೆ ತಲೆನೇ ಹಾಕ್ತಿಲ್ಲ. ಯಾರಾದ್ರೂ ಮದುವೆ ಮಾಡಿಬಿಟ್ರೇನೋ ಅಂತ ನಾವೆಲ್ಲ..."

…

"ಬಾಗಿಲು ಹಾಕ್ಕೊಂಡು ಕೂತಿದಾನಾ? ಎಷ್ಟು ಹೊತ್ತಿಂದ?... ಒಡೆಸೋಕೆ ಆಗಲ್ವಾ?... ಹಾಂ. ಅದೂ ನಿಜ. ಬೀಗ ರಿಪೇರಿ ಮಾಡೋನೇ ಒಳಗಿಂದ ಬೀಗ ಹಾಕ್ಕೊಂಡ್ರೆ ಹೊರಗಿಂದ ಯಾರನ್ನ ಕರೆಸ್ತೀರಿ."

ಅವನು ಬೀಗ ರಿಪೇರಿಯವನು ಅಂತ ಗೊತ್ತಿತ್ತು. ಹೋದ ವರ್ಷ ಅವನ ಕನ್ನಡಕ ಮಾಡಿ, ಅಂಗಡಿಯ ಡಬ್ಬಿಯಲ್ಲಿ ಒರೆಗಲ್ಲು ಎಂದು ಸಹಿ ಹಾಕಿದ ಚೀಟಿಯ ಜೊತೆ ಇಟ್ಟು ಅಂಚೆಯಲ್ಲಿ ಕಳಿಸಿದ್ದಳು. ಅವನ ಎರಡು ಕಣ್ಣುಗಳ ನಡುವಿನ ಅಂತರ ಅವಳಿಗೆ ಗೊತ್ತಿತ್ತು. ಮುಖ ಗೊತ್ತಿರಲಿಲ್ಲ, ದನಿಯೂ ಗೊತ್ತಿರಲಿಲ್ಲ.

"ಕಿಡ್ನಿನಾ? ಯಾರಿಗೆ?... ಅಳಬೇಡಿ, ನಿಧಾನಕ್ಕೆ ಹೇಳಿ. ನಿಮ್ಮ ಯಜಮಾನ್ರಿಗೆ. ಅಂದ್ರೆ ಅವನ ಅಣ್ಣನಿಗೆ... ಎರಡೂ ಕೆಟ್ಟಿದೆ. ಇವನದು ಹೊಂದುತ್ತೆ, ಟೆಸ್ಟ್ ಎಲ್ಲ ಮುಗಿದಿದೆ, ನಾಳೆ ಆಪರೇಷನ್. ಸರಿ. ಕೊಡ್ತೀನಿ ಅಂತ ಅವನೇ ಹೇಳಿದ್ದ ಅಲ್ವಾ? ಮತ್ತೆ ಏನು ತೊಂದರೆ?"

…

"ಏನಂದ?"

…

"ಇನ್ನೊಂದ್ಸಲ ಹೇಳಿ. ಡಾಕ್ಟರು ಅವನೊಬ್ಬನ್ನೇ ಕೂರಿಸ್ಕೊಂಡು, ನಿನಗೆ ಮನಸ್ಸಿದೆಯಾ ಅಂತ ಕೇಳಿದ್ರು... ಅದಕ್ಕೆ ಅವನು, ನಾನು ಕೊಟ್ರೆ ಅಣ್ಣ ಸಾಯ್ತಾನೆ ಅಂದ್ನಾ?"

ಬೆಂಚಿನ ಮೇಲಿನ ಮುದುಕರು ಮುಖ ಇತ್ತ ತಿರುಗಿಸಿದರು.

"ಒರೆಗಲ್ಲು ಹೇಳಿದಾಳೆ ಅಂದ್ನಾ... ಡಾಕ್ಟರ ಮುಂದೇನಾ?"

ಅವಳು ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು ಕೂತಳು.

ಆ ಕಾದಂಬರಿಯಲ್ಲಿ ಒಬ್ಬರು ತಮ್ಮ ಉಸಿರಿನ ಅರ್ಧವನ್ನು ಇನ್ನೊಬ್ಬರಿಗೆ ಕೊಟ್ಟು ಬದುಕಿಸಬಹುದು. ಕೊಟ್ಟವರು ಉಳಿದರ್ಧದಲ್ಲೇ ಬಾಳಬೇಕು. ಕೆಲವು ವಾರಗಳ ಹಿಂದೆ ಮುಳ್ಳುಹಂದಿ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದ. ಒಬ್ಬ ಅಣ್ಣ ತಮ್ಮನ ಕೈ ಮುರಿದಿದ್ದಾನೆ. ಈಗ ಅಣ್ಣ ಸಾಯುತ್ತಿದ್ದಾನೆ. ಎಲ್ಲರೂ ಹೇಳುತ್ತಾರೆಂದು ತಮ್ಮ ಒಲ್ಲದ ಮನಸ್ಸಿನಿಂದ ಉಸಿರು ಕೊಟ್ಟರೆ ಅದು ಹತ್ತುತ್ತದೆಯೇ? ಗುಂಪು ಹಬ್ಬದೂಟಕ್ಕೆ ಕೂತ ಹಾಗೆ ಅದರ ಮೇಲೆ ಬಿತ್ತು. ಇಂಥ ಇಕ್ಕಟ್ಟಿನ ಪ್ರಶ್ನೆ ಬಹಳ ದಿನದಿಂದ ಬಂದಿರಲಿಲ್ಲ. ಒಬ್ಬ ನಕ್ಷೆ ಬರೆದ, ಇನ್ನೊಬ್ಬ ಮುರಿದ ಕೈ ಎಡದ್ದೋ ಬಲದ್ದೋ ಎಂದು ಕೇಳಿದ. ಕೊನೆಗೆ ಅವಳು ಬಂದು ಮೂರು ಸಂಪುಟಗಳಿಂದ ಆಧಾರ ಎತ್ತಿಟ್ಟು ತೀರ್ಪು ಕೊಟ್ಟಳು: ಒಲ್ಲದ ಉಸಿರು ವಿಷ, ಪಡೆದವನು ಋತು ಕಳೆಯುವುದರೊಳಗೆ ಸಾಯುತ್ತಾನೆ, ಕೊಟ್ಟವನೇ ಕೊಂದ ಹಾಗೆ. ಜನ ಚಪ್ಪಾಳೆಯ ಚಿತ್ರ ಹಾಕಿದ್ದರು. ಆ ತಮ್ಮ ಯಾರು ಎಂದು ಒಬ್ಬರೂ ಕೇಳಿರಲಿಲ್ಲ.

"ಇಲ್ಲ, ಫೋನಲ್ಲೇ ಇದೀನಿ... ಇಲ್ಲ ಅಕ್ಕಾ, ಮಾಟ ಮಂತ್ರ ಮಾಡೋಳಲ್ಲ ನಾನು. ಕಥೆ ಪುಸ್ತಕ ಅದು. ಕಥೆ... ಹೌದು, ಅವನಿಗೂ ಗೊತ್ತು ಕಥೆ ಅಂತ. ಹುಚ್ಚೇನೂ ಇಲ್ಲ ಅವನಿಗೆ."

…

"ಬಯ್ಯಿರಿ. ನೀವು ಬಯ್ದಿದ್ರಲ್ಲಿ ತಪ್ಪಿಲ್ಲ... ಆದ್ರೆ ಒಂದು ಮಾತು ಕೇಳ್ತೀನಿ. ನಿಮ್ಮ ಯಜಮಾನ್ರು ಅವನ ಕೈ ಮುರಿದದ್ದು ನಿಜಾನಾ?"

ಅತ್ತ ಕಡೆ ಎಲ್ಲೋ ನಲ್ಲಿಯ ನೀರು ಬಕೆಟ್ಟಿಗೆ ಬೀಳುತ್ತಿತ್ತು.

"ಕುರ್ಚಿ ತಗೊಂಡು ಹೊಡೆದ್ರಾ?... ಏನು ಮಾಡಿದ್ದ ಇವನು?... ಅಷ್ಟಕ್ಕೇನಾ?... ಸರಿಯಾಗಿ ಕೂಡಲಿಲ್ಲ. ಮೊಣಕೈ ಇವತ್ತಿಗೂ ಮಡಚಿದ ಹಾಗೇ ಇದೆ. ನಿಮ್ಮ ಮದುವೆಗೆ ಮುಂಚೆನಾ? ಸರಿ, ನಿಮ್ಮ ತಪ್ಪಲ್ಲ ಬಿಡಿ. ಆಮೇಲೆ ಯಾವತ್ತಾದ್ರೂ ಅವರು ತಮ್ಮನ ಹತ್ತಿರ, ತಪ್ಪಾಯ್ತು ಕಣೋ ಅಂದಿದಾರಾ?... ಸುಮ್ನೆ ಕೇಳಿದೆ. ಅಂದಿಲ್ಲ ಅಲ್ವಾ."

…

"ಈಗ ನಾನೇನು ಮಾಡಬೇಕು ಹೇಳಿ."

ಅತ್ತಿಗೆಗೆ ಬೇಕಾದದ್ದು ದೊಡ್ಡದೇನಲ್ಲ. ಸಂಜೆಯೊಳಗೆ ಅವನು ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಒಂದು ಮಾತು ಹೇಳಬೇಕು. ಅದಕ್ಕೆ ಅವನು ಹೊರಗೆ ಬರಬೇಕು. ಬರಬೇಕಾದರೆ ಒರೆಗಲ್ಲು ತನ್ನ ಬಾಯಿಯಿಂದಲೇ, ಆ ಕಟ್ಟಳೆ ತಪ್ಪು, ನಾನು ಓದಿದ್ದು ತಪ್ಪು ಎಂದು ಹೇಳಬೇಕು. ಕಿಟಕಿಯ ಸರಳಿನ ಸಂದಿಯಿಂದ ಫೋನು ಒಳಗೆ ಕೊಡುತ್ತೇನೆ, ಒಂದೇ ಒಂದು ಮಾತು, ಅಷ್ಟೇ, ಎಂದರು ಅತ್ತಿಗೆ.

"ಹೇಳ್ತೀನಿ... ಹೇಳ್ತೀನಿ ಅಂದೆನಲ್ಲ. ಕೊಡಿ ಅವನಿಗೆ... ಚಾರ್ಜ್ ಎಷ್ಟಿದೆ?... ಅಯ್ಯೋ, ಬೇಗ ಕೊಡಿ ಹಾಗಾದ್ರೆ."

ಕಬ್ಬಿಣಕ್ಕೆ ಏನೋ ತಾಗಿದ ಸದ್ದು. ಆಮೇಲೆ ಉಸಿರು. ಉಬ್ಬಸದವರ ಹಾಗೆ ಮೂಗಿನಿಂದ ಎಳೆಯುತ್ತಿದ್ದ. ಇಷ್ಟು ವರ್ಷ ಅವಳ ಜೊತೆ ಪುಟಗಟ್ಟಲೆ ಜಗಳವಾಡಿದವನು ಇವನೇ ಎಂದು ಅವಳಿಗೆ ಅನ್ನಿಸಲಿಲ್ಲ.

"ಮುಳ್ಳುಹಂದಿ... ನಾನು ಕಣೋ. ಒರೆಗಲ್ಲು."

…

"ಹಾಂ, ನನ್ನ ದನಿ ಹೀಗೇ ಇರೋದು. ನೀನೇನು ಅಂದ್ಕೊಂಡಿದ್ದೆ, ಕೊಳಲು ಊದಿದ ಹಾಗಿರುತ್ತೆ ಅಂತಲಾ?"

ಅವನು ನಕ್ಕನೋ ಮೂಗು ಒರೆಸಿಕೊಂಡನೋ ತಿಳಿಯಲಿಲ್ಲ. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

"ಕೇಳು. ಆವತ್ತು ನಾನು ಬರೆದದ್ದು ತಪ್ಪು. ಮತ್ತೆ ತೆಗೆದು ನೋಡಿದೆ. ಐದನೇ ಸಂಪುಟದಲ್ಲಿ ದೋಣಿಯವಳು ತಂಗಿಗೆ ಉಸಿರು ಕೊಡ್ತಾಳಲ್ಲ, ಆಗ ಅವಳಿಗೆ ಮನಸ್ಸಿರಲಿಲ್ಲ. ಆದ್ರೂ ತಂಗಿ ಬದುಕಿದ್ಳು. ಅಂದ್ಮೇಲೆ..."

…

"ಇಲ್ಲ, ಅದು ಹೆದರಿಕೆ ಅಂತ ಯಾಕೆ ತಗೋಬೇಕು? ಒಲ್ಲೆ ಅನ್ನೋದೂ..."

…

"ಆರನೇ ಸಂಪುಟದಲ್ಲಿ ಅವಳೇ ಹೇಳ್ತಾಳಾ? ಎಲ್ಲಿ?... ಹಾಂ. ಸೇತುವೆ ಮೇಲೆ. ಹೌದು."

ಹೌದು. ಸೇತುವೆಯ ಮೇಲೆ ನಿಂತು ದೋಣಿಯವಳು ಸ್ಪಷ್ಟವಾಗಿ ಹೇಳುತ್ತಾಳೆ, ನಾನು ಹೆದರಿದ್ದೆ, ಒಲ್ಲೆ ಎನ್ನಲಿಲ್ಲ ಎಂದು. ಆ ಸಾಲನ್ನು ಇವನಿಗೆ ತೋರಿಸಿದವಳೇ ಅವಳು. ಕೀಲಿಯ ಹಲ್ಲುಗಳನ್ನು ಬೆರಳಲ್ಲೇ ಎಣಿಸುವವನ ಮುಂದೆ ಸುಳ್ಳು ಕೀಲಿ ತಿರುಗಿಸಿದ ಹಾಗಾಯಿತು.

"ಏನು?... ಯಾರು ಹೇಳಿಕೊಟ್ರು ಅಂದ್ರೆ?"

…

"ಹೌದು. ನಿಮ್ಮ ಅತ್ತಿಗೆ ಹೇಳು ಅಂದ್ರು. ಅದಕ್ಕೇ ಹೇಳಿದೆ. ಸುಳ್ಳು ಅದು. ಕಟ್ಟಳೆ ಸರಿಯಾಗೇ ಇದೆ, ಆವತ್ತು ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ."

ಕಿಟಕಿಯ ಹೊರಗೆ ಅತ್ತಿಗೆಗೆ ಇದು ಕೇಳಿಸಿರಬೇಕು. ಏನೋ ಕೂಗಿದ ಹಾಗಾಯಿತು. ಅವಳು ದನಿ ಏರಿಸಿದಳು.

"ಇರು, ಇಡಬೇಡ. ಇಟ್ರೆ ಮತ್ತೆ ಗುಂಪಿಗೆ ಬರಬೇಡ ನೀನು. ಕಟ್ಟಳೆ ಸರಿ. ಆದ್ರೆ ಅದು ಆ ಪುಸ್ತಕದಲ್ಲಿ ಸರಿ. ನಿನ್ನ ಕಿಡ್ನಿ ಆ ಪುಸ್ತಕ ಓದಿಲ್ಲ ಕಣೋ. ನೀನು ಅಣ್ಣನ್ನ ಬಾಯಿಗೆ ಬಂದ ಹಾಗೆ ಬೈಕೊಂಡು ಕೊಟ್ರೂ ಅದು ತನ್ನ ಪಾಡಿಗೆ ಸೋಸ್ಕೊಂಡಿರುತ್ತೆ. ಹತ್ತುತ್ತೋ ಇಲ್ವೋ, ಅದನ್ನ ಡಾಕ್ಟರ್ ಹೇಳಬೇಕು. ನಿನ್ನ ಮನಸ್ಸು ನೋಡಿ ಅದು ಹತ್ತೋದೂ ಇಲ್ಲ, ಬಿಡೋದೂ ಇಲ್ಲ. ಇದು ನಿನಗೆ ಗೊತ್ತಿಲ್ವಾ?"

…

"ಗೊತ್ತಿದೆ ಅಲ್ವಾ. ಮತ್ತೆ?"

…

"ಹಾಂ... ಹಾಂ."

ಅವನು ಮಾತಾಡತೊಡಗಿದ್ದ. ತುಂಡು ತುಂಡಾಗಿ, ಹಿಂದಿನದು ಮುಂದೆ, ಮುಂದಿನದು ಹಿಂದೆ. ಅವಳು ಕೈಗೆ ಸಿಕ್ಕಿದ ಬಟ್ಟೆಯಿಂದ ಮುದುಕರ ಇನ್ನೊಂದು ಗಾಜನ್ನು ಒರೆಸುತ್ತಾ ಕೇಳಿದಳು. ಕೊಡಲು ಅವನಿಗೆ ಮನಸ್ಸಿರಲಿಲ್ಲ. ಇಲ್ಲ ಎಂದು ಹೇಳುವ ಬಾಯಿಯೂ ಇರಲಿಲ್ಲ. ಅತ್ತಿಗೆ ಊಟ ಬಡಿಸುವಾಗ, ಅಣ್ಣ ಬೆಳ್ಳಗೆ ಬಿಳಿಚಿಕೊಂಡು ಡಯಾಲಿಸಿಸ್ ಮುಗಿಸಿ ಬರುವಾಗ, ಇಲ್ಲ ಅನ್ನುವುದು ಹೇಗೆ? ಅವಳ ಕಟ್ಟಳೆ ಸಿಕ್ಕಿದ ದಿನ ಅವನು ಹೊಟ್ಟೆ ತುಂಬ ಉಂಡು ಮಲಗಿದ್ದನಂತೆ. ಕೊಡದಿರುವುದೇ ಅಣ್ಣನಿಗೆ ಒಳ್ಳೆಯದು ಎನ್ನುವಂಥ ಒಂದು ಲೋಕ ಇತ್ತಲ್ಲ, ಸುಳ್ಳೇ ಆದರೂ.

"ಅಂದ್ರೆ ನನ್ನ ಬೆನ್ನ ಹಿಂದೆ ಅವಿತುಕೊಂಡೆ."

…

"ನಾನೂ ಚೆನ್ನಾಗೇ ಜಾಗ ಮಾಡಿಕೊಟ್ಟೆ ಬಿಡು. ನಿನ್ನ ಕೈ ಬಗ್ಗೆ ಒಂದು ಮಾತು ಕೇಳಲಿಲ್ಲ. ಆಧಾರ ಹುಡುಕ್ತಾ ಕೂತೆ."

…

"ನಾನಾ? ನನ್ನ ಅಣ್ಣ ಆಗಿದ್ರೆ ನಾನು ಕೊಡ್ತಿದ್ದೆನಾ ಅಂತಲಾ?... ಗೊತ್ತಿಲ್ಲ. ನನ್ನ ಅಣ್ಣ ನನ್ನ ಕೈ ಮುರಿದಿಲ್ಲ. ದೊಡ್ಡ ಮಾತಾಡೋದು ಸುಲಭ."

…

"ಇಲ್ಲ, ನಾನು ಹೇಳಲ್ಲ. ಕೊಡು ಅಂತಾನೂ ಹೇಳಲ್ಲ, ಬಿಡು ಅಂತಾನೂ ಹೇಳಲ್ಲ. ಒಂದ್ಸಲ ಹೇಳಿದ್ದೇ ಸಾಕು ನನಗೆ. ಕೊಡಲ್ಲ ಅನ್ನೋದಾದ್ರೆ, ನನಗೆ ಮನಸ್ಸಿಲ್ಲ, ನಾನು ಕೊಡಲ್ಲ ಅನ್ನು. ಯಾಕೆ ಅಂತಾನೂ ಹೇಳು. ಆ ಕುರ್ಚಿ ಮಾತು ಆ ಮನೇಲಿ ಒಬ್ಬರಾದ್ರೂ ಆಡಲಿ. ಕೊಡ್ತೀನಿ ಅನ್ನೋದಾದ್ರೂ ಅದನ್ನ ಹೇಳೇ ಕೊಡು. ಎರಡರಲ್ಲೂ ನನ್ನ ಹೆಸರು ಎತ್ತಬೇಡ."

ಅತ್ತ ಕಡೆ ಎರಡು ಸಲ ಕೀರಲು ಸದ್ದಾಯಿತು. ಸಾಯುವ ಮುಂಚೆ ಫೋನುಗಳು ಹಾಗೆ ಕೂಗುತ್ತವೆ.

"ಚಾರ್ಜ್ ಹೋಗ್ತಿದೆ ಅನ್ಸುತ್ತೆ. ಕೇಳಿಸ್ತಿದ್ಯಾ?... ಏನು? ಕೇಳಿಸಲಿಲ್ಲ... ನನಗಲ್ಲ ಕಣೋ. ನನಗೆ ಯಾಕೆ ಹೇಳ್ತೀಯ. ನಿಮ್ಮ ಅತ್ತಿಗೆ ಹೊರಗೇ ನಿಂತಿದಾರಲ್ಲ, ಅವರಿಗೆ ಹೇಳು."

…

"ಹಾಂ. ಇಲ್ಲೇ ಇರ್ತೀನಿ. ಇಡಲ್ಲ. ಹೋಗು."

ಫೋನನ್ನು ಅವನು ಎಲ್ಲೋ ಇಟ್ಟ ಸದ್ದಾಯಿತು, ಬಹುಶಃ ಮಂಚದ ಮೇಲೆ. ಹೆಜ್ಜೆ. ಆಮೇಲೆ ಲೋಹ ಲೋಹಕ್ಕೆ ತಾಗಿತು, ಒಮ್ಮೆ, ಇನ್ನೊಮ್ಮೆ. ಅವಳು ಎಣಿಸುತ್ತಿದ್ದಳು, ಬಾಗಿಲಿಗೆ ಎಷ್ಟು ಬೀಗ ಹಾಕಿಕೊಂಡಿದ್ದನೋ ಪುಣ್ಯಾತ್ಮ. ಕೊನೆಯದು ಬಿಗಿಯಾಗಿತ್ತೇನೋ, ಮಡಚಿದ ಮೊಣಕೈಯಿಂದ ಎಳೆಯಲು ಹೊತ್ತು ಹಿಡಿಯಿತು. ಬಾಗಿಲು ಕಿರುಗುಟ್ಟಿತು.  ಅವನು ದೂರದಿಂದ, ಯಾರಿಗೂ ಕೇಳಬಾರದೇನೋ ಎನ್ನುವಷ್ಟು ಮೆಲ್ಲಗೆ, ಅತ್ತಿಗೆ ಎಂದ. ಆ ಕುರ್ಚಿ ಎಂದ. ಇನ್ನೇನೋ ಹೇಳಲು ಉಸಿರೆಳೆದುಕೊಂಡ.

"ಹಲೋ?... ಹಲೋ. ಮುಳ್ಳುಹಂದಿ? ಅಕ್ಕಾ, ಕೇಳಿಸ್ತಿದ್ಯಾ?... ಹಲೋ..."

ಅಂಗಡಿಯ ಆ ಹಳೆಯ ಫೋನಿನಲ್ಲಿ ಕರೆದವರ ನಂಬರು ಕಾಣುತ್ತಿರಲಿಲ್ಲ. ಇಡಲ್ಲ ಎಂದಿದ್ದಳಲ್ಲ, ಅದಕ್ಕೆ ಇಡಲಿಲ್ಲ. ಕಿವಿಯಲ್ಲಿ ಒಂದೇ ಸಮನೆ ಕುಂಯ್ ಎನ್ನುತ್ತಿತ್ತು.

ಬೆಂಚಿನಿಂದ ಮುದುಕರು, ಏನಮ್ಮಾ, ಕೊಡ್ತಾನಂತಾ ಎಂದು ಕೇಳಿದರು.