ನಾಲ್ಕು ಕೋಟೆಯ ಮಹಾರಾಜರ ಸನ್ಮಾನದಲ್ಲಿ ಎರಡು ಮಾತು

ನಡುವಿನ ಕುರ್ಚಿಯಲ್ಲಿ ಕುಳಿತು ಆಗಾಗ ಗಡಿಯಾರ ನೋಡಿಕೊಳ್ಳುತ್ತಿರುವ ಅಧ್ಯಕ್ಷರಾದ ಶ್ರೀ ಬಸವಂತರಾಯ ಅವರೇ, ಗ್ರಾಂಟ್ ರೋಡಿನಿಂದ ಲೋಕಲ್ ಹಿಡಿದು ಬಂದಿರುವ ಮುಖ್ಯ ಅತಿಥಿಗಳಾದ ಶ್ರೀ ರಮಾನಾಥ ಅವರೇ, ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡಿರುವ ಇಂದಿನ ಸನ್ಮಾನಿತರೂ ನನ್ನ ಯಜಮಾನರೂ ಆದ ಶ್ರೀ ತಿರುಮಲೇಶ ಅವರೇ, ಮೊದಲ ಸಾಲಿನಲ್ಲಿರುವ ನಮ್ಮ ಅತ್ತೆಯವರೇ, ಸಯನ್, ಮಾಟುಂಗಾ, ಆಂಟಾಪ್ ಹಿಲ್ ಕಡೆಯಿಂದ ಬಂದು, ಹಿಂದಿನ ಬಾಗಿಲಿನಿಂದ ಉಪ್ಪಿಟ್ಟಿನ ವಾಸನೆ ಬಂದಾಗಿನಿಂದ ಅತ್ತಲೇ ತಿರುಗಿ ಕುಳಿತಿರುವ ಸಹೃದಯ ಸಭಿಕರೇ,

ಸನ್ಮಾನಿತರ ಧರ್ಮಪತ್ನಿ ಎರಡು ಮಾತಾಡಬೇಕು ಎಂಬುದು ನಮ್ಮ ಸಂಘದ ಪದ್ಧತಿ. ಧರ್ಮಪತ್ನಿ ಬಂದು, 'ಅವರ ಬಗ್ಗೆ ನಾನೇನು ಹೇಳಲಿ' ಎಂದು ನಾಚಿಕೊಂಡು ಕುಳಿತುಕೊಳ್ಳಬೇಕು ಎಂಬುದೂ ಪದ್ಧತಿಯೇ. ಹೋದ ವರ್ಷ ಇದೇ ವೇದಿಕೆಯ ಮೇಲೆ ಎರಡನೇ ಗ್ಯಾಸ್ ಸಿಲಿಂಡರ್ ಸಂಪಾದಿಸಿದ ನಮ್ಮ ಖಜಾಂಚಿಗಳಿಗೆ ಸನ್ಮಾನವಾಯಿತು. ಅವರ ಮನೆಯವರು ಹಾಗೆಯೇ ಮಾಡಿದರು. ನಾನೂ ಹಾಗೆಯೇ ಮಾಡುವವಳಿದ್ದೆ. ಆದರೆ ಈಗಷ್ಟೇ ಓದಿದ ಬಿನ್ನವತ್ತಳೆಯಲ್ಲಿ 'ಏಕಾಂಗಿಯಾಗಿ ಶತ್ರುಗಳನ್ನು ಸದೆಬಡಿದ ಗಣಕ ಸಾಮ್ರಾಟ' ಎಂಬ ಮಾತು ಕೇಳಿದೆ. ಏಕಾಂಗಿಯಾಗಿ! ಆ ಒಂದು ಪದಕ್ಕಾಗಿ ನನಗೆ ಹತ್ತು ನಿಮಿಷ ಹೆಚ್ಚು ಬೇಕು, ಅಧ್ಯಕ್ಷರೇ.

ನಮ್ಮವರು ಗೆದ್ದದ್ದು ಏನು ಎಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಬಾಗಿಲಲ್ಲಿ ಒಬ್ಬ ಹಿರಿಯರು ನನ್ನನ್ನು ತಡೆದು, 'ನಿಮ್ಮೆಜಮಾನ್ರು ಕುವೈತ್ ಯುದ್ಧಕ್ಕೆ ಹೋಗಿದ್ರಂತೆ?' ಎಂದು ಕೇಳಿದರು. ಇಲ್ಲ ಸ್ವಾಮಿ, ಅವರು ನಮ್ಮ ಮನೆಯ ಪಡಸಾಲೆಯ ಮೂಲೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ಅಧ್ಯಕ್ಷರಿಗಾದರೂ ಗೊತ್ತೇ? ನಮ್ಮವರು ಸುದ್ದಿ ಹೇಳಲು ಹೋದಾಗ ನಾನೂ ಜೊತೆಗಿದ್ದೆ. 'ಮುಂಬಯಿಗೇ ಫಸ್ಟ್ ಬಂದೀರಿ? ಕನ್ನಡದಾಂವ ಫಸ್ಟ್ ಬಂದಾನ ಅಂದಮ್ಯಾಲ ಸನ್ಮಾನ ಆಗಬೇಕ್ರಿ!' ಎಂದು ಮೇಜು ಕುಟ್ಟಿದರು. ಯಾತರಲ್ಲಿ ಫಸ್ಟ್ ಎಂದು ಅವರು ಕೇಳಲಿಲ್ಲ. ನಮ್ಮವರೂ ಹೇಳಲಿಲ್ಲ.

ಆದ್ದರಿಂದ ನಾನು ಹೇಳುತ್ತೇನೆ. ಇದೊಂದು ಆಟ. ಕಂಪ್ಯೂಟರಿನಲ್ಲಿ ಆಡುವ ಆಟ. ಹೆಸರನ್ನು ಕನ್ನಡಕ್ಕೆ ತಂದರೆ 'ನಾಲ್ಕು ಕೋಟೆ'. ಪ್ರತಿ ರಾಜನಿಗೆ ನಾಲ್ಕು ಕೋಟೆ, ಒಂದಿಷ್ಟು ಸೈನ್ಯ, ಒಂದಿಷ್ಟು ಧಾನ್ಯ. ನಡುವೆ ಒಂದು ಹೊಳೆ, ಹೊಳೆಗೊಂದು ಸೇತುವೆ. ಗ್ರಾಂಟ್ ರೋಡಿನಲ್ಲಿ ರಮಾನಾಥರ ತಂದೆಯವರ ಲಾಡ್ಜಿದೆ. ಅದರ ಮೇಲಿನ ಕೋಣೆಯಲ್ಲಿ ರಮಾನಾಥರು ಒಂದು ಕಂಪ್ಯೂಟರನ್ನು ಫೋನಿಗೆ ಜೋಡಿಸಿಟ್ಟಿದ್ದಾರೆ. ಮುಂಬಯಿಯ ಯಾವ ಮೂಲೆಯಿಂದಲಾದರೂ ಸರಿ, ನಿಮ್ಮ ಕಂಪ್ಯೂಟರಿನಿಂದ ಅದಕ್ಕೆ ಫೋನ್ ಹಚ್ಚಿ, ದಿನಕ್ಕೊಂದು ನಡೆ ಬರೆದಿಡಬೇಕು. ಎದುರಾಳಿ ತನಗೆ ಬಿಡುವಾದಾಗ ಫೋನ್ ಮಾಡಿ ತನ್ನ ನಡೆ ಬರೆಯುತ್ತಾನೆ. ಗೆದ್ದವನು ಮೇಲೆ, ಸೋತವನು ಕೆಳಗೆ. ಎಲ್ಲರ ಹೆಸರಿನ ಮುಂದೆ ರ್‍ಯಾಂಕ್.

ಒಂದು ನಡೆ ಬರೆಯಲು ಎರಡು ನಿಮಿಷ ಸಾಕು. ಆದರೆ ರ್‍ಯಾಂಕ್ ಪಟ್ಟಿ ನೋಡುತ್ತ ಕೂರಲು ಎಷ್ಟು ಹೊತ್ತು ಬೇಕು? ಅದಕ್ಕೆ ಮಿತಿಯಿಲ್ಲ. ವರ್ಷಗಟ್ಟಲೆ ಕಾದು, ಯಾರ್‍ಯಾರಿಗೋ ಕೈಮುಗಿದು ಪಡೆದ ಫೋನು ನಮ್ಮದು. ಅದು ಬಂದ ದಿನ ಅತ್ತೆಯವರು ಅದಕ್ಕೆ ಕುಂಕುಮ ಹಚ್ಚಿದ್ದರು. ನಮ್ಮವರು ಆಫೀಸಿನ ಹಳೆಯ ಕಂಪ್ಯೂಟರನ್ನೂ, ಕುಯ್ಯೋ ಎಂದು ಅಳುವ ಮೋಡೆಮ್ ಎಂಬ ಡಬ್ಬಿಯನ್ನೂ ತಂದು ಫೋನಿಗೆ ಜೋಡಿಸಿದ ಮೇಲೆ ಮೈಸೂರಿನಿಂದ ಯಾರು ಕರೆ ಮಾಡಿದರೂ ಎಂಗೇಜ್. 'ಫೋನ್ ಬಂದು ಮನೆ ಮೂಗಾಯ್ತಲ್ಲೇ ವನಮಾಲಾ' ಎಂದು ಅತ್ತೆ ನನ್ನೆದುರು ಅತ್ತರು. ಮಗನೆದುರು ಅಳಲಿಲ್ಲ. ಮಗ ರಾಜ್ಯಭಾರದಲ್ಲಿದ್ದ. ಆಟದಲ್ಲಿ ಅವರು ಇಟ್ಟುಕೊಂಡ ಹೆಸರೂ ಅದೇ: ಮಹಾರಾಜ.

ಹೊಸಬರಿಗೆ ಬಂದ ಕೂಡಲೇ ರ್‍ಯಾಂಕ್ ಸಿಗುವುದಿಲ್ಲ. ಮೊದಲು ಅಭ್ಯಾಸದ ಆಟಗಳಲ್ಲಿ ಮೂರು ಗೆಲ್ಲಬೇಕು. ಮಹಾರಾಜರು ಸೋತರು. ಮತ್ತೆ ಸೋತರು. ನೌಕಾಸೇನೆಯ ನಿವೃತ್ತರೊಬ್ಬರಿಗೆ ಸೋತರು, ಚೆಂಬೂರಿನ ಹಲ್ಲಿನ ಡಾಕ್ಟರಿಗೆ ಸೋತರು. ಯಾಕೆಂದರೆ ಅವರಿಗೆ ಗೊತ್ತಿದ್ದದ್ದು ಒಂದೇ ನಡೆ: ಇರುವ ಸೈನ್ಯವನ್ನೆಲ್ಲ ಸೇತುವೆ ದಾಟಿಸಿ ನುಗ್ಗುವುದು. ಕಷ್ಟಪಟ್ಟು ಎರಡು ಗೆದ್ದರು. ಮೂರನೆಯ ಗೆಲುವು ಹೇಗೆ ಬಂತು? ಎದುರಾಳಿ ತಂಗಿಯ ಮದುವೆಗೆ ಊರಿಗೆ ಹೋದವನು ಆಟಕ್ಕೆ ಬರಲೇ ಇಲ್ಲ. ಅಂತೂ ಪಟ್ಟಿಯ ಕಟ್ಟಕಡೆಯಲ್ಲಿ ಮಹಾರಾಜರ ಹೆಸರು ಬಂತು. ಅವರು ಬಿಲ್ಡಿಂಗಿನ ಎಲ್ಲ ಮನೆಗೂ ಪೇಢೆ ಹಂಚಿ 'ರ್‍ಯಾಂಕ್ ಬಂತು' ಎಂದರು. ಎದುರುಮನೆಯ ನೀಲಾಬಾಯಿ ಪೇಢೆ ಕೈಯಲ್ಲಿ ಹಿಡಿದು ನನ್ನನ್ನು ಕೇಳಿದರು, 'ಮಗಳಿಗೇನ್ರೀ? ಆಕಿ ಇನ್ನೂ ಏಳನೇ ಕ್ಲಾಸಿನ್ಯಾಗ ಅದಾಳಲ್ಲ?'

ರ್‍ಯಾಂಕಿನ ಮಾತು ಬಂತು ಎಂದು ಹೇಳುತ್ತೇನೆ, ಸಭಿಕರೇ. ನನಗೂ ಒಮ್ಮೆ ರ್‍ಯಾಂಕ್ ಬಂದಿತ್ತು. ಮೈಸೂರಿನಲ್ಲಿ, ಬಿ.ಎಸ್ಸಿ. ಗಣಿತದಲ್ಲಿ. ಫಲಿತಾಂಶ ಬಂದ ದಿನವೇ ಮುಂಬಯಿಯ ಹುಡುಗ ನನ್ನನ್ನು ನೋಡಲು ಬರುವವನಿದ್ದ. ನಮ್ಮಪ್ಪ ನನ್ನನ್ನು ಒಳಗೆ ಕರೆದು, 'ಈ ರ್‍ಯಾಂಕು ಗೀಂಕು ಅವರ ಮುಂದೆ ಎತ್ತಬೇಡಮ್ಮ. ಹುಡುಗ ಸೆಕೆಂಡ್ ಕ್ಲಾಸು' ಎಂದರು. ನಾನು ಎತ್ತಲಿಲ್ಲ. ಇವತ್ತಿನವರೆಗೂ ಎತ್ತಿರಲಿಲ್ಲ. ನಮ್ಮವರು ಈಗ ನನ್ನತ್ತ ನೋಡುತ್ತಿರುವ ರೀತಿ ಕಂಡರೆ ಅವರಿಗೂ ಇದು ಹೊಸ ವಿಷಯವೇ ಇರಬೇಕು. ಇರಲಿ. ಅದು ಬೇರೆ ಮಾತು.

ಹೀಗಿರುವಾಗ ಆಫೀಸಿನವರು ಮಹಾರಾಜರನ್ನು ಎರಡು ತಿಂಗಳ ಮಟ್ಟಿಗೆ ನಾಗಪುರಕ್ಕೆ ಕಳಿಸಿದರು. ಆಗಲೇ ಒಂದು ಆಟ ನಡೆದಿತ್ತು; ಶುರುವಾದ ಆಟದಲ್ಲಿ ದಿನದ ನಡೆ ತಪ್ಪಿದರೆ ರ್‍ಯಾಂಕ್ ಹೋಗುತ್ತದೆ. ಮನುಷ್ಯ ಹೋಲ್ಡಾಲ್ ಕಟ್ಟುತ್ತ ನನ್ನ ಕೈ ಹಿಡಿದುಕೊಂಡರು. 'ವನು, ನೀನೊಂದು ಕೆಲಸ ಮಾಡ್ಬೇಕು. ದಿನಾ ಸಂಜೆ ಎಸ್‌ಟಿಡಿ ಬೂತಿಂದ ಹೇಳ್ತೀನಿ. ಹೇಳಿದ್ದನ್ನ ಹಾಗ್‌ಹಾಗೇ ಟೈಪ್ ಮಾಡು. ನಿನ್ ತಲೆ ಉಪಯೋಗಿಸ್ಬೇಡ.'

ಮೊದಲ ವಾರ ಉಪಯೋಗಿಸಲಿಲ್ಲ. ಒಂದು ಕೋಟೆ ಹೋಯಿತು.

ಎರಡನೇ ವಾರ ಅವರು 'ಅಟ್ಯಾಕ್ ಮಾಡ್ಬಿಡು, ಪೂರ್ತಿ ಸೈನ್ಯ!' ಎಂದು ಬೂತಿನಿಂದ ಕಿರುಚಿದಾಗ ನಾನು 'ಹೂಂ' ಎಂದು ಫೋನಿಟ್ಟು, ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡೆ. ಮರುದಿನ ಎದುರಾಳಿ ಗೆಲುವಿನ ಖುಷಿಯಲ್ಲಿ ಹೊಳೆ ದಾಟಿ ಬಂದ. ಅವನ ಎರಡು ಕೋಟೆ ಖಾಲಿ ಬಿದ್ದಿದ್ದವು. ಸಂಜೆ ಹೇಳಿದೆ, 'ಎರಡು ಕೋಟೆ ಬಂತು.' 'ನೋಡಿದ್ಯಾ? ನಾನ್ ಹೇಳ್ಲಿಲ್ವಾ ಅಟ್ಯಾಕ್ ಅಂತ?' ಎಂದರು. 'ಹೌದು, ಹೇಳಿದ್ರಿ' ಎಂದೆ. ಮುಂದಿನ ವಾರಗಳಲ್ಲೂ ಹೀಗೆಯೇ. ಅವರು ಅಟ್ಯಾಕ್ ಎನ್ನುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ, ರ್‍ಯಾಂಕ್ ಏರುತ್ತಿತ್ತು.

ಅಡುಗೆಮನೆಯ ಜಾಣ್ಮೆ, ಗೃಹಿಣಿಯ ಮಿತವ್ಯಯ ಎಂದೆಲ್ಲ ದಯವಿಟ್ಟು ಹೇಳಲು ಬರಬೇಡಿ. ನಾನು ಗಣಿತ ಓದಿದವಳು. ಮಗಳು ಶಾಲೆಗೆ, ಅತ್ತೆ ಭಜನೆಗೆ ಹೋದ ಮೇಲೆ ಹಳೆಯ ಆಟಗಳನ್ನೆಲ್ಲ ಪರದೆಯ ಮೇಲೆ ತೆಗೆದು, ಯಾರು ಯಾವಾಗ ಹೆದರುತ್ತಾರೆ, ಯಾರು ಯಾವಾಗ ಉಬ್ಬುತ್ತಾರೆ ಎಂದು ನೋಡಿದೆ. ಆಗ ಮೊದಲನೇ ರ್‍ಯಾಂಕಿನಲ್ಲಿದ್ದವರು ತಮ್ಮನ್ನು 'ಜನರಲ್' ಎಂದು ಕರೆದುಕೊಳ್ಳುತ್ತಿದ್ದರು. ಅವರಿಗೆ ನನ್ನ ಪೂರ್ವದ ಕೋಟೆಯನ್ನು ಬೇಕೆಂದೇ ಬಿಟ್ಟುಕೊಟ್ಟೆ. ಅವರ ಸೈನ್ಯವೆಲ್ಲ ಒಳಗೆ ಬಂದು ಕುಳಿತ ದಿನ ಸೇತುವೆ ಮುರಿದು ಹಿಂದಿರುಗುವ ದಾರಿ ಮುಚ್ಚಿದೆ. ಆ ದಿನ ಮಧ್ಯಾಹ್ನ ನಾನು ಊಟ ಮಾಡಲಿಲ್ಲ, ಸಭಿಕರೇ. ಹಸಿವೇ ಆಗಲಿಲ್ಲ. ಖಾಲಿ ಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡು ನಕ್ಕೆ.

ಮಹಾರಾಜರು ನಾಗಪುರದಿಂದ ಬಂದಾಗ ಮುಂಬಯಿಗೇ ಮೊದಲಿಗರಾಗಿದ್ದರು. ಸ್ಟೇಷನ್ನಿನಲ್ಲಿ ರೈಲಿಳಿದ ರೀತಿಯೇ ಬೇರೆ! ನಾನು ಕಿತ್ತಳೆ ಹಣ್ಣಿನ ಚೀಲ ಹೊತ್ತು ಹಿಂದೆ ನಡೆದೆ. ಮನೆಗೆ ಬಂದ ಮೇಲೆ ಒಂದು ಮಾತು ಕೇಳಿದೆ: 'ಭಾನುವಾರ ಒಂದಿನ ನಾನು ಆಡ್ಲಾ?' ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪ್ರೀತಿಯಿಂದ ನಕ್ಕರು. 'ಅದು ಸ್ಟ್ರಾಟಜಿ ಕಣೇ, ನಿನಗೆ ಅರ್ಥ ಆಗಲ್ಲ. ನೀನ್ ಟೈಪ್ ಮಾಡಿದ್ದು ಅಷ್ಟೇ.'

ಮರುದಿನ ನಾನು ಗ್ರಾಂಟ್ ರೋಡಿಗೆ ಹೋದೆ. ಲಾಡ್ಜಿನ ಮೆಟ್ಟಿಲು ಹತ್ತಿ, ಆಟಕ್ಕೆ ಹೊಸ ಹೆಸರು ಸೇರಿಸಬೇಕು ಎಂದೆ. ರಮಾನಾಥರು ತಲೆಯೆತ್ತದೆ ಕೇಳಿದರು, 'ಯಾರಿಗೆ ಮೇಡಂ? ಮಗನಿಗಾ?' ನನಗೆ ಎಂದೆ. ಮನೆಯಲ್ಲಿ ಯಾರಾದರೂ ಆಡುತ್ತಾರಾ ಎಂದಾಗ ಮಹಾರಾಜರ ಹೆಸರು ಹೇಳಿ, ಎರಡು ತಿಂಗಳು ನಾಗಪುರದಲ್ಲಿದ್ದು ಈಗಷ್ಟೇ ಬಂದರು ಎಂದೆ. ಆಗ ಅವರು ಕೆಲಸ ಬಿಟ್ಟು ನನ್ನ ಮುಖ ನೋಡಿದರು. 'ಒಂದು ನಿಮಿಷ. ಅವರು ನಾಗಪುರದಲ್ಲಿ ಇದ್ದಾಗ ಆಡಿದ್ದು ಯಾರು? ಪೂರ್ವದ ಕೋಟೆ ಬಿಟ್ಟುಕೊಟ್ಟು ಸೇತುವೆ ಮುರಿದದ್ದು ನೀವಾ? ಎಂತ ಮಾರಾಯ್ರೇ! ಅದು ನಿಮಗೆ ಹೇಗೆ ಹೊಳೆಯಿತು, ಹೇಳಿ!'

ಕೆಳಗಿನ ಹೋಟೆಲಿನಿಂದ ಕಾಫಿ ಬಂತು. ನಾನು ಹೇಳಿದೆ. ಕಾಗದದ ಮೇಲೆ ಹೊಳೆ ಬರೆದು, ಕೋಟೆ ಬರೆದು ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕಾಲೇಜು ಬಿಟ್ಟ ಮೇಲೆ ನನ್ನ ಮಾತನ್ನು ಹೀಗೆ ಯಾರೂ ಕೇಳಿರಲಿಲ್ಲ. ಕಾಫಿ ತಣ್ಣಗಾಯಿತು, ಇನ್ನೊಂದು ಬಂತು. ಲೋಕಲಿನಲ್ಲಿ ಬರುವಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು, ಗಾಡಿ ಬದಲಿಸಬೇಕಾದ ದಾದರ್ ಬಂದದ್ದೂ ತಿಳಿಯದೆ ಮುಂದೆ ಹೋಗಿಬಿಟ್ಟೆ. ಇದನ್ನೇಕೆ ಹೇಳುತ್ತಿದ್ದೇನೆ? ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ.

ಆಟದಲ್ಲಿ ನಾನು ಇಟ್ಟುಕೊಂಡ ಹೆಸರು ವನಮಾಲಾ. ಬೇರೆ ಹೆಸರು ಇಟ್ಟುಕೊಳ್ಳಲು ನನಗೇನು ಕಾರಣವಿತ್ತು? ನಮ್ಮವರು ಆಫೀಸಿಗೆ ಹೋದ ಮೇಲೆ ಆಡಿದೆ. ಅಭ್ಯಾಸದ ಮೂರು ಆಟ ಗೆದ್ದು ಪಟ್ಟಿಗೆ ಬಂದೆ. ಪೇಢೆ ಹಂಚಲಿಲ್ಲ. ಮೇಲೇರುತ್ತ ಬಂದೆ. ಈ ನಡುವೆ ಮಹಾರಾಜರು ಮೊದಲ ಸ್ಥಾನವನ್ನು ಕಾಪಾಡಿಕೊಳ್ಳಲು ಅದ್ಭುತವಾದ ತಂತ್ರವೊಂದನ್ನು ಕಂಡುಹಿಡಿದಿದ್ದರು. ಅವರು ಯಾರ ಜೊತೆಗೂ ಆಡುತ್ತಿರಲಿಲ್ಲ. ಆದರೆ ಎರಡನೇ ರ್‍ಯಾಂಕಿನವರು ಸವಾಲು ಹಾಕಿದರೆ ಒಪ್ಪಲೇಬೇಕು ಎಂದು ನಿಯಮ. ನಾನು ಎರಡನೆಯವಳಾಗಿ ಸವಾಲು ಹಾಕಿದೆ.

ಆ ದಿನ ಊಟಕ್ಕೆ ಕುಳಿತು ಅವರು ಹೇಳಿದ್ದು ಕೇಳಿ: 'ಯಾವನೋ ಒಬ್ಬ ಹೆಂಗಸಿನ ಹೆಸರಿಟ್ಕೊಂಡು ಚಾಲೆಂಜ್ ಹಾಕಿದಾನೆ. ತಮಾಷೆ ನೋಡು, ನಿನ್ನ ಹೆಸರೇ!'

'ಹೌದಾ? ಸಾರು ಹಾಕ್ಲಾ?' ಎಂದೆ.

ಒಂದೇ ಸೂರಿನಡಿಯಲ್ಲಿ, ಒಂದೇ ಫೋನಿನಲ್ಲಿ, ಒಂದೇ ಸ್ಟೂಲಿನ ಮೇಲೆ ಕುಳಿತು, ಬೆಳಿಗ್ಗೆ ನಾನು, ಸಂಜೆ ಅವರು. ಯುದ್ಧ ಮೂರು ವಾರ ನಡೆಯಿತು. ರ್‍ಯಾಂಕ್ ಹೋದೀತೆಂಬ ಭಯಕ್ಕೆ ಮಹಾರಾಜರು ಈ ಸಲ ನುಗ್ಗಲೂ ಇಲ್ಲ. ಸೈನ್ಯವನ್ನೆಲ್ಲ ಉತ್ತರದ ಕೋಟೆಯಲ್ಲಿ ತುಂಬಿ ಬಾಗಿಲು ಹಾಕಿಕೊಂಡರು. ಉಳಿದ ಮೂರನ್ನು ನಾನು ನಿಧಾನವಾಗಿ ತೆಗೆದುಕೊಂಡೆ. ನಾಲ್ಕನೆಯದರ ಸುತ್ತ ಸುಮ್ಮನೆ ಕುಳಿತೆ. 'ಹೆದರ್ಕೊಂಡಿದಾನೆ ಕಣೇ, ಮುಂದೆ ಬರ್ತಾನೇ ಇಲ್ಲ' ಎಂದು ಮೊನ್ನೆ ನನಗೇ ಸಮಾಧಾನ ಹೇಳಿದರು. ಒಳಗೆ ಧಾನ್ಯ ಎಷ್ಟಿದೆ ಎಂದು ಅವರು ನೋಡಿರಲಿಲ್ಲ. ನಾನು ಲೆಕ್ಕ ಹಾಕಿಟ್ಟಿದ್ದೆ.

ಇವತ್ತು ಮಧ್ಯಾಹ್ನ ಅವರು ಹೊಸ ಜುಬ್ಬ ತೊಟ್ಟು, ಕುರ್ಚಿ ಹಾಕಿಸಲು ಮುಂಚೆಯೇ ಈ ಸಭಾಂಗಣಕ್ಕೆ ಬಂದರು. ನಾನು ಸೀರೆ ಉಡುವ ಮೊದಲು ಫೋನ್ ಹಚ್ಚಿದೆ. ಹಸಿದ ಸೈನಿಕರು ಬಾಗಿಲು ತೆರೆದಿದ್ದರು. ರಮಾನಾಥರೇ, ನೀವು ಅಷ್ಟರಲ್ಲಿ ರೈಲು ಹತ್ತಿದ್ದಿರಿ, ನಿಮಗೂ ತಿಳಿದಿರಲಾರದು. ಸಭಿಕರೇ, ನೀವು ಈ ಸಂಜೆ ಶಾಲು ಹೊದಿಸಿದ್ದು ಮುಂಬಯಿಯ ಎರಡನೇ ರ್‍ಯಾಂಕಿನ ಆಟಗಾರರಿಗೆ. ಮೊದಲನೇ ರ್‍ಯಾಂಕಿನವಳು ನಿಮ್ಮೆದುರು ಮೈಕ್ ಹಿಡಿದು ನಿಂತಿದ್ದಾಳೆ.

ಚಪ್ಪಾಳೆ ಸಾಕು. ಅತ್ತೆ, ನೀವು ಯಾಕೆ ಅಷ್ಟು ಜೋರಾಗಿ ತಟ್ಟುತ್ತಿದ್ದೀರಿ?

ನಮ್ಮವರು ಎದ್ದು ನಿಂತಿದ್ದಾರೆ. ಹಣ್ಣಿನ ಬುಟ್ಟಿಯನ್ನು ಅಧ್ಯಕ್ಷರ ಕೈಗೆ ಕೊಟ್ಟು ಇತ್ತ ಬರುತ್ತಿದ್ದಾರೆ. ಏನಂದಿರಿ? ಇನ್ನೊಮ್ಮೆ ಹೇಳಿ... ಸಭಿಕರೇ, ಮುಖ ಕೆಂಪಾಗಿದೆ, ಆದರೂ ಅವರು ಕೇಳುತ್ತಿರುವುದು ಇಷ್ಟೇ: ಉತ್ತರದ ಕೋಟೆಯಲ್ಲಿ ಧಾನ್ಯ ಮುಗಿಯುವ ದಿನ ನಿನಗೆ ಹೇಗೆ ಗೊತ್ತಾಯಿತು?

ಹೇಳುತ್ತೇನೆ. ಇವತ್ತು ಟ್ಯಾಕ್ಸಿ ಬೇಡ. ಸಯನ್‌ವರೆಗೂ ನಡೆದೇ ಹೋಗೋಣ, ದಾರಿಯುದ್ದಕ್ಕೂ ಹೇಳುತ್ತೇನೆ. ನಡುವೆ ಬಾಯಿ ಹಾಕಬಾರದು, ಅಷ್ಟೇ.

ನನ್ನ ಎರಡು ಮಾತನ್ನು ಇಷ್ಟುದ್ದ ಸಹಿಸಿಕೊಂಡ ಅಧ್ಯಕ್ಷರಿಗೂ, ಮುಖ್ಯ ಅತಿಥಿಗಳಿಗೂ, ಆರಿಹೋಗುತ್ತಿರುವ ಉಪ್ಪಿಟ್ಟಿಗೂ, ಅದನ್ನು ಬಿಟ್ಟು ಇಲ್ಲಿಯೇ ಕುಳಿತ ನಿಮಗೂ ಕೃತಜ್ಞತೆಗಳು. ನಮಸ್ಕಾರ.