ಬೀಗ ಜಗ್ಗಿದ ನೆನಪು

ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಮಗಳಿಗೆ ಹೆರಿಗೆಯಾಗಿತ್ತಂತೆ, ಕೂಸು ನೋಡಲು ಹೊರಟವರು.

“ರೀ, ಬೀಗ ಜಗ್ಗಿ ನೋಡಿದ್ರಾ?”

“ಜಗ್ಗಿದ ಹಾಗೆ ನೆನಪು. ಆದ್ರೆ ನೆನಪನ್ನ ನಂಬೋ ಹಾಗಿಲ್ಲ ಕಣೇ.”

“ಶುರುವಾಯ್ತು! ಆ ತತ್ವಶಾಸ್ತ್ರದ ಕ್ಲಾಸಿಗೆ ಸೇರಿದಾಗಿಂದ ಇದೇ ಗೋಳು.”

“ಎಲ್ಲದರ ಮೇಲೂ ಅನುಮಾನ ಪಡ್ತಾ ಹೋಗ್ಬೇಕು. ಕೊನೆಗೆ ಉಳಿಯೋದೇ ಸತ್ಯ.”

“ಇಷ್ಟು ವರ್ಷ ಏಗಿದ ಮೇಲೆ ನನ್ನ ಮೇಲೂ ಅನುಮಾನಾನಾ?”

“ಅಯ್ಯೋ, ಆ ಅನುಮಾನ ಅಲ್ವೇ! ನೀನು ಇದೀಯೋ ಇಲ್ವೋ ಅಂತ, ಅಷ್ಟೇ.”

“ಮತ್ತೆ ಬೆಳಿಗ್ಗೆ ಕಾಫಿ ಕೊಟ್ಟೋರು ಯಾರು?”

“ಕನಸಿರಬಹುದು.”

“ನಾಳೆಯಿಂದ ಕನಸಲ್ಲೇ ಕುಡೀರಿ. ಇಷ್ಟೆಲ್ಲ ಅನುಮಾನ ಪಟ್ಟು ಒಂದಾದ್ರೂ ಗಟ್ಟಿ ಸಿಕ್ತಾ?”

“ಸಿಕ್ತು. ಅನುಮಾನ ಪಡೋಕೆ ಒಬ್ಬ ಬೇಕಲ್ಲ? ಆ ನಾನು ಇರೋದು ಮಾತ್ರ ಖಂಡಿತ.”

ಆಕೆ ಗಂಡನ ಮಡಿಲಲ್ಲಿದ್ದ ಚೀಲವನ್ನು ತೆಗೆದುಕೊಂಡರು.

“ಖಂಡಿತ ಇರೋದು ನೀವೊಬ್ರೇ ತಾನೆ? ಹಾಗಾದ್ರೆ ನೀವೇ ಹೋಗಿ ಬೀಗ ಜಗ್ಗಿ ಬನ್ನಿ.”

ಅವರು ಗೊಣಗುತ್ತಾ ಮನೆಯ ಕಡೆ ಓಡಿದರು. ರಸ್ತೆಯ ತಿರುವಿನಲ್ಲಿ ಮರೆಯಾಗಿದ್ದರೋ ಇಲ್ಲವೋ, ಬಸ್ ಬಂದು ನಿಂತಿತು. ಆಕೆ ಒಂದು ಗಳಿಗೆ ದಾರಿ ನೋಡಿದರು, ಆಮೇಲೆ ಚೀಲ ಹೆಗಲಿಗೇರಿಸಿ ಹತ್ತಿಯೇ ಬಿಟ್ಟರು. ಮೆಟ್ಟಿಲ ಮೇಲಿಂದ ನನ್ನತ್ತ ಬಗ್ಗಿ ಹೇಳಿದರು:

“ಅಣ್ಣಾ, ಅವರು ಬಂದು ಕೇಳಿದ್ರೆ, ಇಲ್ಲಿ ಯಾರೂ ಇರಲೇ ಇಲ್ಲ ಅಂದ್ಬಿಡಿ.”