ನಲವತ್ತನೇ ಬಕೆಟ್ಟು

ಇದು ನಮ್ಮ ಒಲ್ತೇನಿಯಾ ಸೀಮೆಯಲ್ಲಿ, ಪಕ್ಕದ ಮನೆಯ ಇಲಿಂಕಾಗೆ ಆದದ್ದು. ಮೆಲ್ಲಗೆ ಹೇಳುತ್ತೇನೆ, ಗೋಡೆಯಾಚೆಗೆ ಅವಳಿನ್ನೂ ಎಚ್ಚರವಾಗಿರುತ್ತಾಳೆ...

ಆಗ ಹದಿಮೂರರ ಹುಡುಗಿ. ಅವಳನ್ನೂ ಪುಟ್ಟ ತಮ್ಮ ತುದೋರನನ್ನೂ ಸಾಕಿದ್ದು ಅಜ್ಜಿ ಸಾಫ್ತಾ. ಅಮ್ಮ ಇಟಲಿಯಲ್ಲಿ ಇನ್ಯಾರದೋ ಅಜ್ಜಿಗೆ ಸ್ನಾನ ಮಾಡಿಸುವ ಕೆಲಸಕ್ಕಿದ್ದಳು. ಸಾಫ್ತಾ ಸತ್ತಾಗ ಬಂದು, ಮೂರೇ ದಿನ ಇದ್ದು ಹೋದಳು.

ನಮ್ಮಲ್ಲಿ ಸತ್ತವರ ಹೆಸರಲ್ಲಿ ಒಬ್ಬ ಹುಡುಗಿ ನಲವತ್ತು ದಿನ ನೆರೆಮನೆಗೆ ನೀರು ಹೊರಬೇಕು. ದಿನಕ್ಕೊಂದು ಬಕೆಟ್ಟು, ಕೋಲಿನ ಮೇಲೊಂದು ಗೀರು. ಆಗಲೇ ಸತ್ತವರ ಬಾಯಾರಿಕೆ ತೀರಿ, ಅವರು ಮನೆ ಬಿಟ್ಟು ಹೊರಡುವುದು. ಇಲಿಂಕಾ ವಿಧವೆ ಪರಸ್ಕೀವಾಳ ಮನೆಗೆ ಮೂವತ್ತೊಂಬತ್ತು ದಿನ ಹೊತ್ತಳು. ನಲವತ್ತನೇ ರಾತ್ರಿ ಬರಿಗೈಲಿ ಹೋದಳು.

"ನೀರೆಲ್ಲೇ?" ಪರಸ್ಕೀವಾ ಪಿಸುಗುಟ್ಟಿದಳು.

"ತರಲ್ಲ, ಅತ್ತೆ."

"ಮುದುಕೀನ ಬಾಯಾರಿಸಿ ಕೂರಿಸ್ತೀಯೇನೇ?"

"ಮನೇಲೇ ಇರ್ಲಿ. ಅಜ್ಜಿ ತಲೆ ಸವರದೆ ಇದ್ರೆ ತುದೋರ ನಿದ್ದೆ ಮಾಡಲ್ಲ."

"ಹುಚ್ಚು ಮುಂಡೇದೇ..." ಪರಸ್ಕೀವಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ವಾಪಸು ಬರುವಾಗ ದಾರಿಯಲ್ಲಿ ಬಾವಿ. ರಾಟೆ ತಿರುಗುತ್ತಿತ್ತು. ಕಿರ್ರ್... ಕಿರ್ರ್... ಅಲ್ಲಿ ಯಾರೂ ಇಲ್ಲ. ಆಮೇಲೆ ಗುಟುಕರಿಸುವ ಸದ್ದು. ಗುಳುಕ್... ಗುಳುಕ್... ಇಲಿಂಕಾಗೆ ಭಯಕ್ಕಿಂತ ಸಂತೋಷವೇ ಹೆಚ್ಚಾಯಿತು. ಒಂದೇ ಉಸಿರಿಗೆ ಮನೆಗೆ ಓಡಿದಳು.

ಬಾಗಿಲು ತೆರೆದಿತ್ತು. ಒಳಗೆ ಅಜ್ಜಿ, ಅದೇ ಕಪ್ಪು ತಲೆವಸ್ತ್ರ. ಬಕೆಟ್ಟಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದಳು. ತುದೋರ ಹಾಸಿಗೆಯಿಂದ ತಲೆ ಚಾಚಿದ್ದ.

"ಅಜ್ಜೀ... ಇಲ್ಲಿ ಬಾ."

ಅಜ್ಜಿ ತಿರುಗಲಿಲ್ಲ.

"ಅಜ್ಜಿ, ನಮ್ಮ ತುದೋರ ಕಣೇ," ಇಲಿಂಕಾ ಉಸುರಿದಳು. "ಒಂದ್ಸಲ ನೋಡು."

ಗುಳುಕ್... ಗುಳುಕ್... ಬಕೆಟ್ಟು ಬರಿದಾಯಿತು. ಅಜ್ಜಿ ತಳವನ್ನೂ ನೆಕ್ಕಿ, ಇಬ್ಬರನ್ನೂ ದಾಟಿಕೊಂಡು ಬಾವಿಯ ಕಡೆ ಹೋದಳು.

ಮರುದಿನ ಇಲಿಂಕಾ ನೀರು ಹೊತ್ತುಕೊಂಡು ಹೋದಳು. ದಿನ ತಪ್ಪಿದ ನೀರು ಸಲ್ಲುವುದಿಲ್ಲವೆಂದು ಪರಸ್ಕೀವಾ ಬಾಗಿಲು ಹಾಕಿಕೊಂಡಳು. ಹುಡುಗಿ ಬೇರೆ ಮನೆಗೆ ಮತ್ತೆ ಮೊದಲಿಂದ ನಲವತ್ತು ಹೊತ್ತಳು. ಅಜ್ಜಿಯ ಬಾಯಾರಿಕೆ ತೀರಲಿಲ್ಲ. ಪಾಪ, ಅಜ್ಜಿಯನ್ನು ಉಳಿಸಿಕೊಳ್ಳಲು ಹೋಗಿ ಎರಡು ಸಲ ಕಳೆದುಕೊಂಡಳು.

ಇದಾಗಿ ಎರಡು ವರ್ಷ. ನಂಬದಿದ್ದರೆ ಬೆಳಿಗ್ಗೆ ಬನ್ನಿ, ತೋರಿಸುತ್ತೇನೆ. ನಾನು ಕಣ್ಣಾರೆ ಕಂಡದ್ದು. ಬಾವಿಯಿಂದ ಅವರ ಬಕೆಟ್ಟಿನವರೆಗೆ ಒದ್ದೆ ಹೆಜ್ಜೆಗಳಿರುತ್ತವೆ. ಅಲ್ಲಿಂದ ವಾಪಸು ಬಾವಿಗೆ. ಹುಡುಗನ ಹಾಸಿಗೆಯ ಕಡೆ ಒಂದೂ ಇರುವುದಿಲ್ಲ.